ಜರ್ಮನಿಯಲ್ಲಿ ಡಿ ನಿರೋಗೆ ಬೇರೆಯೇ ದನಿ

ಜರ್ಮನಿಯಲ್ಲಿ ಟಿವಿ ಹಾಕಿದರೆ ಹಾಲಿವುಡ್ ನಟರೆಲ್ಲ ಜರ್ಮನ್ ಮಾತಾಡುತ್ತಾರೆ. ಪಕ್ಕದ ನೆದರ್ಲೆಂಡ್ಸ್‌ನಲ್ಲಿ ಅದೇ ಸಿನಿಮಾಗೆ ಸಬ್‌ಟೈಟಲ್ ಹಾಕಿ ಬಿಡುತ್ತಾರೆ. ಇಲ್ಲಿ ಜರ್ಮನಿಯಲ್ಲಿ ಹೊರಗಿನಿಂದ ಬಂದದ್ದು ಡಬ್ ಆಗಿಯೇ ಬರುವುದು ರೂಢಿ. ಮೂಲ ಭಾಷೆಯಲ್ಲಿ ನೋಡಬೇಕೆಂದರೆ ‘ಓವಿ’ (ಮೂಲ ದನಿ) ಅಥವಾ ‘ಓಎಂಯು’ (ಮೂಲ ದನಿ, ಜೊತೆಗೆ ಸಬ್‌ಟೈಟಲ್) ಎಂದು ನಮೂದಿಸಿದ ಶೋ ಹುಡುಕಿಕೊಂಡು ಹೋಗಬೇಕು.

ಡಬ್ಬಿಂಗ್ ಅಂದರೆ ನಮ್ಮಲ್ಲಿ ಜಗಳದ ಮಾತು. 1960ರ ದಶಕದಲ್ಲಿ ಅನಕೃ ಮುಂದೆ ನಿಂತು ವಿರೋಧಿಸಿದರು. ಆಗ ಕನ್ನಡ ಚಿತ್ರರಂಗ ಚಿಕ್ಕದು, ಕಲಾವಿದರ ಹೊಟ್ಟೆಪಾಡಿನ ಪ್ರಶ್ನೆ. ಆ ಹೋರಾಟಕ್ಕೆ ಅರ್ಥವಿತ್ತು. ಆ ವಿರೋಧದಿಂದಾಗಿ 2012ರಲ್ಲಿ ಆಮಿರ್ ಖಾನ್ ಅವರ ಟಿವಿ ಕಾರ್ಯಕ್ರಮ ‘ಸತ್ಯಮೇವ ಜಯತೆ’ ಕೂಡ ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ, ಮಾರುಕಟ್ಟೆಯ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದಿತು. ಈಗ ಡಬ್ ಆದ ಸಿನಿಮಾ, ಧಾರಾವಾಹಿ ಧಾರಾಳ. ಬೇಕೋ ಬೇಡವೋ ಎಂಬ ಜಗಳ ತಣ್ಣಗಾಯಿತು. ಚೆನ್ನಾಗಿದೆಯಾ ಎಂದು ಮಾತ್ರ ನಾವಿನ್ನೂ ಗಟ್ಟಿಯಾಗಿ ಕೇಳುತ್ತಿಲ್ಲ. ನನ್ನ ತಕರಾರು ಅದೇ.

ಇಲ್ಲಿ ಜರ್ಮನಿಯಲ್ಲಿ ಒಬ್ಬ ದೊಡ್ಡ ನಟನಿಗೆ ಒಂದು ದನಿ ಒಗ್ಗಿತು ಅಂದರೆ ಆದಷ್ಟೂ ಅದನ್ನೇ ಉಳಿಸಿಕೊಳ್ಳುತ್ತಾರೆ. ರಾಬರ್ಟ್ ಡಿ ನಿರೋಗೆ 1970ರ ದಶಕದಿಂದ ಕಂಠದಾನ ಮಾಡುತ್ತಾ ಬಂದವರು ಕ್ರಿಶ್ಚಿಯನ್ ಬ್ರ್ಯೂಕ್ನರ್. ಅವರು ಸಾಕ್ಷ್ಯಚಿತ್ರಗಳಿಗೂ ನಿರೂಪಣೆ ಮಾಡುತ್ತಾರೆ. ಸ್ನೇಹಿತನ ಮನೆಯಲ್ಲಿ ಅಂಥದ್ದೊಂದು ನೋಡುತ್ತಿದ್ದಾಗ ಅವನ ಅಮ್ಮ ಅಡುಗೆಮನೆಯಿಂದಲೇ “ಡಿ ನಿರೋ ಬಂದನಾ?” ಎಂದು ಕೇಳಿದರು. ಪರದೆಯ ಮೇಲೆ ಇದ್ದದ್ದು ಬರೀ ತೋಳಗಳು! ಇನ್ನೊಂದು ದಿನ ಅವರಿಗೆ ನಿಜವಾದ ಡಿ ನಿರೋ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕೇಳಿಸಿದೆವು. ಅವರ ಮುಖ ಸಪ್ಪಗಾಯಿತು. ಇದು ಅವನ ದನಿಯೇ ಅಲ್ಲ ಅಂದರು.

ಇದು ನಮಗೆ ಅರ್ಥವಾಗದ ಮಾತೇನಲ್ಲ. ಪಿ.ಬಿ. ಶ್ರೀನಿವಾಸ್ ಹಾಡಿದರೆ ರಾಜ್‌ಕುಮಾರ್ ಹಾಡಿದ ಹಾಗೇ ಅಲ್ವಾ ಅನಿಸುತ್ತಿತ್ತು? 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಅಣ್ಣಾವ್ರು ತಾವೇ ಹಾಡಿ ಗೆದ್ದ ಮೇಲೂ ಹಳೆಯ ಹಾಡುಗಳಲ್ಲಿ ಆ ನಂಟು ಹಾಗೇ ಉಳಿದಿದೆ. ಒಂದು ಮುಖಕ್ಕೆ ಇನ್ನೊಬ್ಬರ ಕಂಠ ಕೂಡಿಸಿ ಪ್ರೀತಿಸುವುದು ನಮ್ಮ ಪ್ರೇಕ್ಷಕರಿಗೆ ಹೊಸದಲ್ಲ. ಹಾಡಿನಲ್ಲಿ ಒಪ್ಪಿದ್ದನ್ನು ಮಾತಿನಲ್ಲೂ ಒಪ್ಪುತ್ತೇವೆ. ಆದರೆ ಅಷ್ಟು ಹೊಂದುವ ದನಿ ಸಿಗಬೇಕು, ಮುಂದಿನ ಸಿನಿಮಾದಲ್ಲೂ ಅದೇ ಇರಬೇಕು. ಪರಭಾಷೆಯ ಹೀರೋ ಇವತ್ತು ಒಂದು ದನಿ, ಮುಂದಿನ ಸಲ ಇನ್ನೊಂದು ದನಿ ಅಂತಾದರೆ ಕಿವಿ ಹೇಗೆ ಒಗ್ಗಬೇಕು?

ಎರಡನೆಯದು ಬರವಣಿಗೆ. ಇಲ್ಲಿ ಜರ್ಮನಿಯಲ್ಲಿ ಮೊದಲು ಒಬ್ಬರು ನೇರ ಅನುವಾದ ಮಾಡಿಕೊಡುತ್ತಾರೆ. ಆಮೇಲೆ ಸಂಭಾಷಣೆಕಾರರು ತುಟಿ ನೋಡಿ ನೋಡಿ ಅದನ್ನು ಬೇರೆಯಾಗಿ ಬರೆಯುತ್ತಾರೆ. ಪ, ಬ, ಮ ಬಂದಾಗ ತುಟಿ ಸೇರುತ್ತದೆ. ಕ್ಲೋಸಪ್ಪಿನಲ್ಲಿ ಯಾರೋ ‘ಮೇಬಿ’ ಅಂದರೆ ತುಟಿ ಮುಚ್ಚಿಕೊಂಡೇ ಮಾತು ಶುರುವಾಗುತ್ತದೆ. ಅಲ್ಲಿ ‘ಇರಬಹುದು’ ಎಂದು ಹೇಳಿಸಿದರೆ ಬಾಯಿಗೂ ಮಾತಿಗೂ ತಾಳೆಯಾಗುವುದಿಲ್ಲ. ನಟ ಬೆನ್ನು ತಿರುಗಿಸಿದ್ದರೆ ಏನು ಬೇಕಾದರೂ ಬರೆಯಬಹುದು. ಕೆಲವು ಸೆಕೆಂಡುಗಳ ತುಣುಕಿಗೆ ಇಷ್ಟು ಲೆಕ್ಕಾಚಾರ. ನಮ್ಮ ಎಷ್ಟೋ ಡಬ್ಬಿಂಗ್‌ನಲ್ಲಿ ತುಟಿ ಇರಲಿ, ಮಾತೇ ಮನುಷ್ಯರದು ಅನಿಸುವುದಿಲ್ಲ. ಗಂಡ ಹೆಂಡತಿ ಜಗಳವಾಡುವಾಗಲೂ ಪಠ್ಯಪುಸ್ತಕ ಓದಿದ ಹಾಗಿರುತ್ತದೆ.

ಇಲ್ಲಿನದೆಲ್ಲ ಚಿನ್ನ ಅಂತಲ್ಲ. ಟೆಕ್ಸಸ್‌ನ ದನಗಾಹಿ, ಲಂಡನ್ನಿನ ಲಾರ್ಡ್ ಇಬ್ಬರೂ ಹೆಚ್ಚಾಗಿ ಒಂದೇ ನಯವಾದ ಜರ್ಮನ್ ಮಾತಾಡುತ್ತಾರೆ. ಯಾರು ಎಲ್ಲಿಯವರು ಅಂತ ಕಿವಿಗೆ ಗೊತ್ತೇ ಆಗುವುದಿಲ್ಲ. ಇದು ನನಗೆ ಸುತರಾಂ ಹಿಡಿಸದು. ನಾವು ಇದನ್ನು ಅವರಿಗಿಂತ ಚೆನ್ನಾಗಿ ಮಾಡಬಹುದು. ಧಾರವಾಡ, ಮಂಗಳೂರು, ಕೋಲಾರ, ಚಾಮರಾಜನಗರ ಅಂತ ನಮ್ಮ ಕೈಯಲ್ಲಿ ಎಷ್ಟು ಬಗೆಯ ಕನ್ನಡ ಇದೆ!

ಶಾರುಖ್ ಖಾನ್ ಕಥೆಯನ್ನೂ ಹೇಳಬೇಕು. 2004ರಲ್ಲಿ ‘ಕಭಿ ಖುಷಿ ಕಭಿ ಗಮ್’ ಇಲ್ಲಿನ ಆರ್‌ಟಿಎಲ್ 2 ಚಾನೆಲ್‌ನಲ್ಲಿ ಜರ್ಮನ್‌ನಲ್ಲಿ ಬಂತು. ಮಾತು ಡಬ್ ಮಾಡಿದರು, ಹಾಡನ್ನು ಹಿಂದಿಯಲ್ಲೇ ಬಿಟ್ಟು ಸಬ್‌ಟೈಟಲ್ ಹಾಕಿದರು. ಸರಿಯಾದ ತೀರ್ಮಾನ. ಆಫೀಸಿನಲ್ಲಿ ಹಿರಿಯ ಮಹಿಳೆಯೊಬ್ಬರು ಈಗಲೂ ಆ ಹಾಡುಗಳನ್ನು ಗುನುಗುತ್ತಾರೆ, ಹಿಂದಿಯ ಒಂದಕ್ಷರ ಬಾರದಿದ್ದರೂ. ಕನ್ನಡಕ್ಕೆ ತರುವಾಗಲೂ ಹಾಡಿನ ವಿಷಯದಲ್ಲಿ ಹೀಗೇ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದನಿಗೆ ಇಲ್ಲಿ ಎಷ್ಟು ಬೆಲೆ ಅಂತ ತಿಳಿಯಬೇಕಾದರೆ ‘ಡೀ ದ್ರೈ ಫ್ರಾಗೆತ್ಸೈಖೆನ್’ ಕೇಳಬೇಕು. ಮೂವರು ಹುಡುಗರ ಪತ್ತೇದಾರಿ ಕಥೆಯ ಧ್ವನಿನಾಟಕ. 1979ರಲ್ಲಿ ಶುರುವಾದಾಗ ಹುಡುಗರಾಗಿದ್ದ ಅದೇ ಮೂವರು ಕಲಾವಿದರು ಇವತ್ತಿಗೂ ಅದೇ ಹುಡುಗರ ದನಿ. ಅವರಲ್ಲಿ ಒಬ್ಬರು ಬೆನ್ ಸ್ಟಿಲ್ಲರ್‌ಗೆ, ಇನ್ನೊಬ್ಬರು ಎಡ್ವರ್ಡ್ ನಾರ್ಟನ್‌ಗೆ ಕಂಠ ಕೊಡುತ್ತಾರೆ. 2014ರಲ್ಲಿ ಬರ್ಲಿನ್ನಿನ ವಾಲ್ಡ್‌ಬ್ಯೂನೆ ಬಯಲು ರಂಗದಲ್ಲಿ ಇವರ ನಾಟಕ ಕೇಳಲು ಸುಮಾರು 20 ಸಾವಿರ ಜನ ಸೇರಿದ್ದರು.

ಯಾವ ನಟನಿಗೆ ಯಾವ ಸಿನಿಮಾದಲ್ಲಿ ಯಾರು ಕಂಠ ಕೊಟ್ಟರು ಎಂಬ ದೊಡ್ಡ ಪಟ್ಟಿಯೇ ಇಲ್ಲಿದೆ, ‘ಸಿಂಕ್ರೋನ್‌ಕಾರ್ಟೈ’ ಅಂತ. ಹೆಸರು ಹುಡುಕಿದರೆ ಸಾಕು, ಸಿಗುತ್ತದೆ. ಕನ್ನಡಕ್ಕೂ ಅಂಥದ್ದು ಬೇಕು. ಡಬ್ ಆದ ಸಿನಿಮಾಗಳದ್ದು ಮಾತ್ರ ಸಾಲದು. ಕನ್ನಡ ಬಾರದ ನಾಯಕಿಯರಿಗೆ ನಮ್ಮದೇ ಚಿತ್ರಗಳಲ್ಲಿ ಎಷ್ಟೋ ವರ್ಷ ದನಿಯಾದ ಹೆಣ್ಣುಮಕ್ಕಳ ಹೆಸರೂ ಅದರಲ್ಲಿ ಇರಬೇಕು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಆ ಕೆಲಸ ಮಾಡಿದವರಿದ್ದರೆ ಕೂರಿಸಿ ಕೇಳಿ. ಯಾವ ಸಿನಿಮಾ, ಯಾವ ಪಾತ್ರ, ಯಾವ ವರ್ಷ ಎಂದು ಬರೆದಿಡಿ.