ಏಳನೆಯ ಅಂಗಿಯ ಇಬ್ಬರು ಮತ್ತು ನನ್ನ ಎಡ ಮಂಡಿ

ಮದುವೆ ಮನೆಗಳಲ್ಲಿ ನಾನು ಮೊದಲು ಹುಡುಕುವುದು ಮೇಜಿನ ಸಾಲನ್ನು. ನೆಲದ ಪಂಕ್ತಿಯಲ್ಲಿ ಕುಳಿತರೆ ಏಳುವಾಗ ಪಕ್ಕದವರ ಹೆಗಲು ಬೇಕಾಗುತ್ತದೆ. ಮಕ್ಕಳಿಗೆ ಬಸ್ಕಿ ಹೊಡೆಸುವ ಮೂವತ್ತಾರರ ಪಿಟಿ ಮೇಷ್ಟ್ರು ಹೀಗೆ ಏಳುವುದನ್ನು ನೋಡಿದರೆ ಯಾರಿಗಾದರೂ ನಗು ಬರುತ್ತದೆ. ಅರಕಲಗೂಡು ಕಡೆಯ ಹಳಬರು ಮಾತ್ರ ನಗುವುದಿಲ್ಲ. ಅವರಿಗೆ ಈ ಮಂಡಿಯ ಕಥೆ ಗೊತ್ತು. ಅಥವಾ ಗೊತ್ತು ಎಂದುಕೊಂಡಿದ್ದಾರೆ.

ಅಕ್ಕನ ಮಗ ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಗೆ ಹೋದ ಮೇಲೆ ರಗ್ಬಿ ಹುಚ್ಚು ಹಿಡಿಸಿಕೊಂಡ. "ಮಾವ, ಇದು ನಿಮ್ಮ ಕಬಡ್ಡಿ ಇದ್ದ ಹಾಗೆಯೇ, ಒಂದು ಸಲ ನೋಡಿ" ಎಂದು ಕಳೆದ ವರ್ಷದ ಬೇಸಿಗೆ ರಜೆಯಲ್ಲಿ 2018ರ ಫೆಬ್ರವರಿಯ ಒಂದು ಹಳೆಯ ಪಂದ್ಯವನ್ನು ಕಳುಹಿಸಿದ. ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ ಐರ್ಲೆಂಡ್. ಅವನು ಕಳುಹಿಸಿದ್ದು ಕೊನೆಯ ಗಳಿಗೆಗಾಗಿ: ಚೆಂಡನ್ನು ಎದುರಾಳಿಗೆ ಬಿಟ್ಟುಕೊಡದೆ ಮತ್ತೆ ಮತ್ತೆ ಮುನ್ನುಗ್ಗಿ, ಜಾನಿ ಸೆಕ್ಸ್‌ಟನ್ ಬಲು ದೂರದಿಂದ ಒದ್ದು 15–13ರಿಂದ ಗೆಲ್ಲಿಸಿದ್ದು. ನಾನು ಅಲ್ಲಿಯವರೆಗೆ ಹೋಗಲೇ ಇಲ್ಲ. ಮೊದಲಾರ್ಧದಲ್ಲೇ ಏಳನೆಯ ಅಂಗಿಯ ಹುಡುಗ ಜಾಶ್ ವ್ಯಾನ್ ಡರ್ ಫ್ಲಿಯರ್ ಮಂಡಿಗೆ ಪೆಟ್ಟಾಗಿ ಹೊರನಡೆದ. ಅವನ ಜಾಗಕ್ಕೆ ಡ್ಯಾನ್ ಲೀವಿ ಎಂಬ ಇನ್ನೊಬ್ಬ ಹುಡುಗ ಓಡಿಬಂದ. ನಾನು ಫೋನನ್ನು ಕೆಳಗಿಟ್ಟು ಚಹಾ ಕಾಯಿಸಲು ಎದ್ದೆ.

ಆಮೇಲೆ ಆ ಇಬ್ಬರ ಹಿಂದೆಯೇ ಬಿದ್ದೆ. ಅಳಿಯ ಹೇಳಿದ್ದು ಸ್ವಲ್ಪ, ನಾನೇ ಓದಿಕೊಂಡದ್ದು ಹೆಚ್ಚು. ರಗ್ಬಿಯಲ್ಲಿ ಏಳನೆಯ ಅಂಗಿಯವನು ನಮ್ಮ ಆಟದವರಿಗೆ ತಕ್ಷಣ ಅರ್ಥವಾಗುವ ಮನುಷ್ಯ. ಎದುರಾಳಿಯನ್ನು ಕೆಡವಬೇಕು. ಯಾರೇ ಕೆಡವಿದರೂ ಕೂಡಲೇ ಮೇಲೆ ಬಾಗಿ, ಎರಡೂ ಕಾಲು ನೆಟ್ಟು, ಬಿದ್ದವನ ಕೈಯಿಂದ ಚೆಂಡನ್ನು ಕಿತ್ತುಕೊಳ್ಳಬೇಕು. ಅಷ್ಟರಲ್ಲಿ ನೂರು ಕಿಲೋ ಮೀರಿದ ಆಳುಗಳು ಬಂದು ಅಪ್ಪಳಿಸುತ್ತಾರೆ. ಕಾಲು ನೆಲದಲ್ಲಿ, ಹೊಡೆತ ಪಕ್ಕದಿಂದ. ಮಂಡಿ ಇರುವುದು ಇವೆರಡರ ನಡುವೆ.

ವ್ಯಾನ್ ಡರ್ ಫ್ಲಿಯರ್‌ಗೆ ಆ ದಿನ ಹರಿದದ್ದು ಎಸಿಎಲ್. ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಮಂಡಿಯೊಳಗೆ ಓರೆಯಾಗಿ ಬಿಗಿದಿಡುವ ಲಿಗಮೆಂಟ್. ಅವನ ಜಾಗದಲ್ಲಿ ಲೀವಿ ಆ ಋತುವಿನಲ್ಲಿ ಆಡಿದ್ದೇ ಆಟ. ಮಾರ್ಚ್ 17ರಂದು, ಐರಿಷರ ಹಬ್ಬದ ದಿನವೇ, ಲಂಡನ್ನಿನಲ್ಲಿ ಇಂಗ್ಲೆಂಡನ್ನು 24–15ರಿಂದ ಸೋಲಿಸಿ ಐರ್ಲೆಂಡ್ ಗ್ರ್ಯಾಂಡ್ ಸ್ಲ್ಯಾಮ್ (ಆರು ದೇಶಗಳ ಪಂದ್ಯಾವಳಿಯಲ್ಲಿ ಒಂದೂ ಸೋಲದೆ ಎಲ್ಲ ಪಂದ್ಯಗಳ ಗೆಲುವು) ಗೆದ್ದಾಗ ಏಳನೆಯ ಅಂಗಿ ಅವನ ಮೈಮೇಲಿತ್ತು. ಆಗ ಅವನಿಗೆ ಇಪ್ಪತ್ತಮೂರು. ಒಂದು ವರ್ಷದ ನಂತರ, 2019ರ ಮಾರ್ಚ್ 30ರಂದು, ಡಬ್ಲಿನ್‌ನಲ್ಲಿ ಅಲ್ಸ್ಟರ್ ತಂಡದ ವಿರುದ್ಧ ತನ್ನ ಕ್ಲಬ್ ಲೆನ್‌ಸ್ಟರ್ ಪರ ಆಡುವಾಗ ಅವನ ಮಂಡಿಯೂ ಹೋಯಿತು. ಅವನದು ಒಂದಲ್ಲ, ಹಲವು ಲಿಗಮೆಂಟ್‌ಗಳು ಒಟ್ಟಿಗೆ ಹರಿದಿದ್ದವು. ಮತ್ತೆ ಕಣಕ್ಕಿಳಿಯಲು ಒಂದೂವರೆ ವರ್ಷ ಹಿಡಿಯಿತು. ಆದರೂ ಮಂಡಿ ಒಗ್ಗಲಿಲ್ಲ. 2022ರ ಏಪ್ರಿಲ್‌ನಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ನಿವೃತ್ತಿ ಹೇಳಿದ. ಅದೇ ವರ್ಷದ ನವೆಂಬರ್‌ನಲ್ಲಿ ವಿಶ್ವದ ವರ್ಷದ ಆಟಗಾರ ಎಂದು ವ್ಯಾನ್ ಡರ್ ಫ್ಲಿಯರ್‌ನನ್ನು ಆರಿಸಿದರು.

"ಹಣೆಬರಹ ಅಂದರೆ ಇದೇ ಅಲ್ಲವೇ ಮಾವ" ಎಂದ ಅಳಿಯ. ನನಗೆ ಸಿಟ್ಟೇ ಬಂತು. ಹಣೆಬರಹ ಎಂಬ ಮಾತನ್ನು ಹದಿನೈದು ವರ್ಷ ಕೇಳಿದವನು ನಾನು.

ನನ್ನದು 2010ರ ಶಿವರಾತ್ರಿಯ ಆಸುಪಾಸು. ಪಕ್ಕದ ಊರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ, ನೀರು ಚಿಮುಕಿಸಿದ ಮಣ್ಣಿನ ಅಂಕಣ. ಜಿಲ್ಲಾ ತಂಡದಲ್ಲಿ ಆಗಲೇ ಆಡುತ್ತಿದ್ದೆ; ಐದು ವಾರಕ್ಕೆ ರಾಜ್ಯ ತಂಡದ ಆಯ್ಕೆ ಶಿಬಿರವಿತ್ತು. ಬೋನಸ್ ಗೆರೆ ದಾಟಿ ಹಿಂದಿರುಗಲು ಎಡಗಾಲು ನೆಟ್ಟು ತಿರುಗಿದೆ. ಮೈ ತಿರುಗಿತು, ಕಾಲು ತಿರುಗಲಿಲ್ಲ. ಒಳಗೆ ಹಸಿ ಕಡ್ಡಿ ಮುರಿದಂತೆ ಟಕ್ಕೆಂದಿತು. ಮನೆ ಸೇರುವ ಹೊತ್ತಿಗೆ ಮಂಡಿ ತೆಂಗಿನಕಾಯಿಯಷ್ಟಾಗಿತ್ತು.

ಬೆಳಿಗ್ಗೆ ಅಪ್ಪ ನಾಟಿ ವೈದ್ಯರ ಬಳಿ ಕರೆದೊಯ್ದರು. ಉಳುಕು ಎಂದರು, ಎಣ್ಣೆ ನೀವಿದರು, ಪಟ್ಟು ಹಾಕಿದರು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಲಿಗಮೆಂಟ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಮೂರು ವಾರಕ್ಕೆ ಊತ ಇಳಿಯಿತು, ನೆಟ್ಟಗೆ ನಡೆದೆ, ಗದ್ದೆಯ ಬದುವಿನ ಮೇಲೆ ಓಡಿಯೂ ನೋಡಿದೆ. ಎಸಿಎಲ್ ಮೋಸ ಮಾಡುವುದೇ ಇಲ್ಲಿ. ನೇರ ಹೋಗುವಾಗ ಅದರ ನೆನಪೇ ಆಗುವುದಿಲ್ಲ. ಅದು ಬೇಕಾಗುವುದು ತಿರುಗುವಾಗ. ಕಬಡ್ಡಿಯಲ್ಲಿ ತಿರುಗುವುದು ಬಿಟ್ಟರೆ ಇನ್ನೇನಿದೆ?

ಶಿಬಿರದ ಎರಡನೆಯ ದಿನ ಬೆಳಿಗ್ಗೆ ಮಂಡಿ ಕಳಚಿಕೊಂಡಂತೆ ಜಾರಿ ಬಿದ್ದೆ. ವಾಪಸ್ ಕಳುಹಿಸಿದರು. ಅಲ್ಲಿಗಾದರೂ ನಿಲ್ಲಿಸಿದೆನೇ? ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಇನ್ನೂ ಒಂದು ವರ್ಷ ಊರೂರಿನ ಪಂದ್ಯಾವಳಿಗಳಲ್ಲಿ ಆಡಿದೆ. ಪ್ರತಿ ಸಲ ಜಾರಿದಾಗಲೂ ಒಳಗಿನ ಮೆನಿಸ್ಕಸ್ ಎಂಬ ಮೆತ್ತೆ ಅರೆದುಹೋಗುತ್ತಿತ್ತು. ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ವೈದ್ಯರು ಎರಡು ನಿಮಿಷ ಮಾತನಾಡಲಿಲ್ಲ. ಶಸ್ತ್ರಚಿಕಿತ್ಸೆಯ ದುಡ್ಡು ಆಲೂಗಡ್ಡೆಯಿಂದ ಬರಬೇಕಿತ್ತು. ಆ ಮಳೆಗಾಲ ನಮ್ಮ ಹೊಲಕ್ಕೆ ಅಂಗಮಾರಿ ಬಿತ್ತು. ಮರುವರ್ಷ ಶಸ್ತ್ರಚಿಕಿತ್ಸೆಯಾಯಿತು. ನಡೆಯಲು, ಗಾಡಿ ಓಡಿಸಲು ತೊಂದರೆಯಿಲ್ಲ, ಕಬಡ್ಡಿ ಮರೆತುಬಿಡು ಎಂದರು. 2014ರಲ್ಲಿ ಪ್ರೊ ಕಬಡ್ಡಿ ಶುರುವಾಯಿತು. ಮನೆಯವರೆಲ್ಲ ಟಿವಿ ಮುಂದೆ ಕುಳಿತಾಗ ನಾನು ಹಸುವಿಗೆ ಹುಲ್ಲು ಹಾಕಲು ಹೋಗುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಹಸು ಚೆನ್ನಾಗಿ ಮೈತುಂಬಿಕೊಂಡಿತು.

ಇಷ್ಟು ವರ್ಷ ನನ್ನ ಲೆಕ್ಕ ಸರಳವಾಗಿತ್ತು. ನಾಟಿ ವೈದ್ಯರು ತಿಳಿದವರಾಗಿದ್ದಿದ್ದರೆ, ಅಂಗಮಾರಿ ಬೀಳದೇ ಇದ್ದಿದ್ದರೆ, ದುಡ್ಡು ಹೊತ್ತಿಗೆ ಒದಗಿದ್ದರೆ ಎಂದು. ಲೀವಿ ಆ ಲೆಕ್ಕವನ್ನು ಕೆಡಿಸಿದ. ಅವನಿಗೆ ಇವೆಲ್ಲ ಇದ್ದವು. ಆಟವೇ ವೃತ್ತಿ, ಹಿಂದೆ ದೊಡ್ಡ ಕ್ಲಬ್. ಆದರೂ ಆಗಲಿಲ್ಲ. ಎರಡು ದಿನ ಇದು ಒಂದು ಬಗೆಯ ಸಮಾಧಾನ ಕೊಟ್ಟಿತು ಎನ್ನಲು ನಾಚಿಕೆಯಾಗುತ್ತದೆ.

ಮೂರನೆಯ ದಿನ ಅದೂ ಉಳಿಯಲಿಲ್ಲ. ಏಕೆಂದರೆ ಶಿವರಾತ್ರಿಯ ನನ್ನ ಮಂಡಿ ಲೀವಿಯ ಮಂಡಿಯಲ್ಲ. ಬಹುಶಃ ಹರಿದದ್ದು ಒಂದೇ ಲಿಗಮೆಂಟ್. ಅದು ವ್ಯಾನ್ ಡರ್ ಫ್ಲಿಯರ್‌ನ ಮಂಡಿ. ಅವನು ಫೆಬ್ರವರಿಯಲ್ಲಿ ಬಿದ್ದವನು ನವೆಂಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಆಡಿ ಗೆದ್ದ. ನನ್ನದನ್ನು ಕೆಡಿಸಿದ್ದು ಆಮೇಲಿನ ಒಂದು ವರ್ಷ. ಶಿಬಿರದ ಮೊದಲ ಸಂಜೆ ತರಬೇತುದಾರರು ನನ್ನನ್ನು ಪಕ್ಕಕ್ಕೆ ಕರೆದು "ಮಂಡಿ ಹೇಗಿದೆ? ನಿಜ ಹೇಳು" ಎಂದು ಕೇಳಿದ್ದರು. "ಪರವಾಗಿಲ್ಲ ಸರ್" ಎಂದಿದ್ದೆ. ಅಂದು ಬೆಳಿಗ್ಗೆ ಮೆಟ್ಟಿಲು ಇಳಿಯುವಾಗಲೇ ಮಂಡಿ ಒಮ್ಮೆ ಜಾರಿತ್ತು. ಈ ಮಾತನ್ನು ಅಪ್ಪನಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ.

ಕಳೆದ ಆಗಸ್ಟ್‌ನಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ದಾಳಿಯಿಂದ ತಿರುಗುವಾಗ ಕುಸಿದಳು. ಹತ್ತಿರ ಹೋಗುವ ಮೊದಲೇ "ಪರವಾಗಿಲ್ಲ ಸರ್" ಎಂದಳು. ಆ ದನಿ ನನಗೆ ಗುರುತಿತ್ತು. ಅವಳ ತಂದೆ "ನಡೆಯುತ್ತಿದ್ದಾಳಲ್ಲ ಮೇಷ್ಟ್ರೇ, ಇನ್ನೇನು?" ಎಂದರು. ಮೂರು ಸಲ ಅವರ ಮನೆಗೆ ಹೋದೆ. ಹಾಸನದಲ್ಲಿ ಎಂಆರ್‌ಐ ಆಯಿತು, ಅಕ್ಟೋಬರ್‌ನಲ್ಲಿ ಹಾಸನಾಂಬೆಯ ದರ್ಶನಕ್ಕೆ ಬಸ್ಸುಗಳೆಲ್ಲ ತುಂಬಿ ತುಳುಕುತ್ತಿದ್ದಾಗ ಶಸ್ತ್ರಚಿಕಿತ್ಸೆಯಾಯಿತು. ದುಡ್ಡು ಹೇಗೆ ಹೊಂದಿಸಿದೆವು ಎನ್ನುವುದು ಬೇರೆಯೇ ಕಥೆ. ಡಬ್ಲಿನ್ನಿನ ಪಾಲೂ ಅದರಲ್ಲಿದೆ.

ಈಗ ಎಂಟು ತಿಂಗಳು. ಅವಳಿಗೆ ಅಂಕಣದ ಪಕ್ಕ ಅಂಕ ಬರೆಯುವ ಕೆಲಸ ಕೊಟ್ಟಿದ್ದೇನೆ. ಹದಿನೈದು ದಿನಕ್ಕೊಮ್ಮೆ ಒಂಟಿಕಾಲಿನಲ್ಲಿ ಜಿಗಿಸಿ ಟೇಪಿನಲ್ಲಿ ಅಳೆಯುತ್ತೇನೆ. ಶಸ್ತ್ರಚಿಕಿತ್ಸೆಯಾದ ಕಾಲು ಇನ್ನೊಂದರ ಶೇ 90ರಷ್ಟಾದರೂ ಜಿಗಿಯಬೇಕು. ಅದಾದ ಮೇಲೆಯೇ ಉಳಿದ ಪರೀಕ್ಷೆಗಳು. ಮೊನ್ನೆ ಶನಿವಾರ ಬಲಗಾಲಿನಲ್ಲಿ 118 ಸೆಂಟಿಮೀಟರ್, ಎಡಗಾಲಿನಲ್ಲಿ 97.

ಅವಳು ಕಡ್ಡಿಯಿಂದ ಮಣ್ಣಿನ ಮೇಲೆ ಏನೋ ಗುಣಿಸಿದಳು.

"107 ಎಂದು ಬರೆದುಬಿಡಿ ಸರ್, ತೊಂಬತ್ತು ದಾಟುತ್ತದೆ."

ಲೆಕ್ಕ ಸರಿಯಾಗಿಯೇ ಇತ್ತು. ಪುಸ್ತಕದಲ್ಲಿ 97 ಎಂದು ಬರೆದು, ಅವಳಿಂದಲೇ ಪಕ್ಕದಲ್ಲಿ ಸಹಿ ಹಾಕಿಸಿಕೊಂಡೆ.