ಹಂಪ್ ಇಲ್ಲದ ರಸ್ತೆಯಲ್ಲಿ ಒಂದು ದಿನ

"ದುಡ್ಡು ಕೊಟ್ಟು ಅಷ್ಟು ದೂರ ಹೋಗಿ, ಒಂದೇ ಜಾಗದಾಗ ಸುತ್ತಿ ಬರ್ತೀಯಾ? ಗಾಣದ ಎತ್ತು ಸುತ್ತಿದ್ರೆ ಎಣ್ಣೆನಾದ್ರೂ ಬರ್ತತಿ."

ರೇಸ್ ಟ್ರ್ಯಾಕ್‌ನಲ್ಲಿ ಒಂದು ದಿನ ಬೈಕ್ ಓಡಿಸೋದು ಕಲಿಯೋಕೆ ಹೊರಟಿದ್ದೆ. ಅವ್ವ ಹೀಗಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ನಕ್ಕು ಗಾಡಿ ತೊಳೆಯೋಕೆ ಹೋದೆ. ನರ್ಗಿಸ್ ಮಂಡಕ್ಕಿ ಒಗ್ಗರಣೆ ಹಾಕಿ ಡಬ್ಬಿ ತುಂಬಿ ಕೊಟ್ಟವಳೂ ಅವಳೇ.

ಟ್ರ್ಯಾಕ್ ಇರುವುದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲಿ. ದಾವಣಗೆರೆಯಿಂದ 500 ಕಿ.ಮೀ. ಮೇಲೆ. ತಮಾಷೆ ಅಂದ್ರೆ, ನಮ್ಮೂರ ಪಕ್ಕ ಹಾದು ಹೋಗುವ ಹೈವೇ 48 ಬೆಂಗಳೂರು ದಾಟಿ ಅದೇ ಊರಿನ ಕಡೆಗೇ ಹೋಗುತ್ತದೆ. ನನ್ನದು ಟಿವಿಎಸ್ ಅಪಾಚೆ ಆರ್‌ಆರ್ 310 ಬೈಕ್, ಹೊಸೂರಿನ ಕಾರ್ಖಾನೆಯಲ್ಲಿ ತಯಾರಾದದ್ದು. ಹೊಸೂರು ಬಂದಾಗ ಭಾವ ಪಕ್ಕಕ್ಕೆ ಬಂದು, "ನಿನ್ನ ಗಾಡಿ ತವರು ಬಂತು, ಇಲ್ಲೇ ಉಳಿದುಬಿಟ್ಟೀತು, ಹುಷಾರು" ಅಂದರು. ಅವರು ಬಂದಿದ್ದು ನೋಡೋಕೆ ಮಾತ್ರ.

ಬೆಳಿಗ್ಗೆ ಮೊದಲು ಕನ್ನಡಿ ಬಿಚ್ಚಿಸಿದರು. ಹೆಡ್‌ಲೈಟ್, ಇಂಡಿಕೇಟರ್ ಮೇಲೆಲ್ಲ ಟೇಪ್ ಮೆತ್ತಿಸಿದರು. ಬಿದ್ದರೆ ಚೂರುಗಳು ಟ್ರ್ಯಾಕ್ ಮೇಲೆ ಚೆಲ್ಲಬಾರದಲ್ವಾ. ಟೈರಿನ ಗಾಳಿಯನ್ನೂ ಸ್ವಲ್ಪ ಇಳಿಸಿದರು, ಬಿಸಿಯಾದಂತೆ ತಾನೇ ಏರುತ್ತದೆ ಅಂತ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಹಾಗೆ ನಿಂತಿತ್ತು ನನ್ನ ಗಾಡಿ. ಇನ್ನು ಬಾಡಿಗೆಯ ಲೆದರ್ ಸೂಟು. ಆ ಸೆಕೆಯಲ್ಲಿ ಅದರೊಳಗೆ ತೂರಿಕೊಳ್ಳೋಕೆ ಭಾವ ಭುಜ ಹಿಡಿದು ಎಳೆಯಬೇಕಾಯಿತು. ಹಾಕಿಕೊಂಡ ಮೇಲೆ ನೆಟ್ಟಗೆ ನಿಲ್ಲೋಕೂ ಆಗಲ್ಲ. ಅದನ್ನು ಹೊಲಿದಿರುವುದೇ ಗಾಡಿ ಮೇಲೆ ಬಗ್ಗಿ ಕೂರುವವರಿಗೆ.

ಮೊದಲ ಸುತ್ತುಗಳಲ್ಲಿ ಓವರ್‌ಟೇಕ್ ಇಲ್ಲ. ಕಲಿಸುವವರ ಹಿಂದೆ ಸಾಲಾಗಿ ಹೋಗಬೇಕು. 3.7 ಕಿ.ಮೀ. ಉದ್ದ, 12 ತಿರುವು. ಹದಿನಾಲ್ಕು ವರ್ಷ ಗಾಡಿ ಓಡಿಸಿದವನು, ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ತಿರುವುಗಳನ್ನು ಕಂಡವನು ನಾನು. ಇದೇನು ಮಹಾ ಅಂದುಕೊಂಡಿದ್ದೆ. ಆದರೆ ಮೊದಲ ತಿರುವಿಗೇ ನನ್ನ ಎಡಗೈ ಹೆಬ್ಬೆರಳು ಹಾರ್ನ್ ಒತ್ತಿತು. ಎದುರಿನಿಂದ ಯಾರೂ ಬರದ ರಸ್ತೆಯಲ್ಲಿ! ಎರಡನೆಯದಕ್ಕೂ ಒತ್ತಿತು. ಹಿಂದೆ ಬರುತ್ತಿದ್ದ ಹುಡುಗ ಆಮೇಲೆ ಗಾಡಿ ನಿಲ್ಲಿಸುವ ಪಿಟ್‌ನಲ್ಲಿ ನನ್ನ ಕಡೆ ಕೈ ಮಾಡಿ "ಪೀಂ ಪೀಂ" ಅಂದು ನಕ್ಕ.

ಎರಡನೇ ಸೆಷನ್‌ನಲ್ಲಿ ವೇಗ ಹೆಚ್ಚಿತು. ಒಂದು ತಿರುವಿನಲ್ಲಿ ಸ್ವಲ್ಪ ಜಾಸ್ತಿಯೇ ಬಂದೆ. ಹೊರಗಡೆಯ ಮಣ್ಣು ಕಂಡಿತು. ಅಲ್ಲಿಗೆ ಹೋಗಬಾರದು, ಹೋಗಬಾರದು ಅಂತ ಅದನ್ನೇ ನೋಡಿದೆ. ನೆಟ್ಟಗೆ ಅಲ್ಲಿಗೇ ಹೋದೆ. ಬೀಳಲಿಲ್ಲ. ಗಾಡಿ ಗಡಗಡ ನಡುಗಿ ಧೂಳಿನಲ್ಲಿ ನಿಂತಿತು. ದೂರದಲ್ಲಿ ಹಿಂದಿನವರನ್ನು ಎಚ್ಚರಿಸುವ ಹಳದಿ ಬಾವುಟ ಆಡಿತು. ಅದು ನನ್ನ ಸಲುವಾಗಿ ಅಂತ ತಿಳಿಯೋಕೆ ಒಂದು ಕ್ಷಣ ಬೇಕಾಯಿತು.

ಪಿಟ್‌ಗೆ ಬಂದಾಗ ಕಲಿಸುವವರು ಬೈಯಲಿಲ್ಲ. ಅವರಿಗೆ ಕನ್ನಡ ಬಾರದು, ನನ್ನ ತಮಿಳು ಟೀ ಅಂಗಡಿಯಷ್ಟು. ಅವರು ಎರಡು ಬೆರಳನ್ನು ನನ್ನ ಹೆಲ್ಮೆಟ್ಟಿನ ಗದ್ದದ ಕೆಳಗಿಟ್ಟು ಮೇಲಕ್ಕೆತ್ತಿದರು. ಆಮೇಲೆ ಬಲಕ್ಕೆ ತಿರುಗಿಸಿದರು. ತಿರುವಿನ ಬಾಯಿ ನೋಡಬೇಡ, ಅದು ಮುಗಿಯುವ ಕಡೆ ನೋಡು, ಅಷ್ಟೇ. ಗಂಟೆಗೆ 100ರಲ್ಲಿ ಹೋಗುವಾಗ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ನಾನು ನೋಡುತ್ತಿದ್ದದ್ದು ಮುಂದಿನ ಚಕ್ರದಿಂದ ಹತ್ತು ಮೀಟರ್. ಕಂಡದ್ದಕ್ಕೆ ಏನಾದರೂ ಮಾಡುವಷ್ಟರಲ್ಲಿ ಅದು ಹಿಂದೆ ಹೋಗಿರುತ್ತಿತ್ತು.

ಇದು ನನ್ನ ತಪ್ಪಾ? ಗುಂಡಿ, ನಾಯಿ, ರಸ್ತೆಗೆ ಹರಡಿದ ಮೆಕ್ಕೆಜೋಳ, ಬಣ್ಣ ಬಳಿಯದ ಹಂಪು. ನಮ್ಮ ಕಡೆ ನೆಲ ನೋಡದವನು ಮನೆ ಸೇರಲ್ಲ.

ಊಟದ ಹೊತ್ತಿಗೆ ಮಂಡಕ್ಕಿ ಡಬ್ಬಿ ತೆಗೆದೆವು. ಕಲಿಸುವವರಿಗೂ ಒಂದು ಹಿಡಿ ಕೊಟ್ಟೆ. ಮೆಣಸಿನಕಾಯಿ ಕಚ್ಚಿ ಅವರು ನೀರು ಹುಡುಕಿದ್ದು ಬೇರೆ ಮಾತು.

ಮಧ್ಯಾಹ್ನ ಗದ್ದ ಎತ್ತಿದೆ. ಬಲಕ್ಕೆ ಹೋಗಬೇಕಾದರೆ ಬಲ ಹ್ಯಾಂಡಲ್ ಮುಂದಕ್ಕೆ ಒತ್ತು ಅಂದಿದ್ದರು. ಉಲ್ಟಾ ಅನಿಸುತ್ತದೆ, ಆದರೆ ಒತ್ತಿದರೆ ಗಾಡಿ ತಾನಾಗಿ ಆ ಕಡೆ ವಾಲುತ್ತದೆ. ಅದೇ ತಿರುವು ಮತ್ತೆ ಬಂತು. ಈ ಸಲ ಮಣ್ಣು ಕಾಣಲೇ ಇಲ್ಲ. ತಿರುವು ಎಷ್ಟೋ ಅಗಲವಾದ ಹಾಗಿತ್ತು, ಸಮಯ ಕೂಡ ಜಾಸ್ತಿ ಸಿಕ್ಕ ಹಾಗಿತ್ತು. ಹೆಲ್ಮೆಟ್ಟಿನೊಳಗೆ ಒಬ್ಬನೇ ಕೂಗಿಕೊಂಡೆ. ಮೊಣಕಾಲು ನೆಲ ಮುಟ್ಟಿತಾ ಅಂತ ಊರಲ್ಲಿ ಎಲ್ಲರೂ ಕೇಳಿದರು. ಇಲ್ಲ, ಹತ್ತಿರಕ್ಕೂ ಬರಲಿಲ್ಲ. ಆದರೆ ಹೊಸ ಟೈರಿನ ಅಂಚಿನಲ್ಲಿರುವ ರಬ್ಬರ್ ಕೂದಲು ಇಷ್ಟು ದಿನ ಹಾಗೇ ಇತ್ತು, ಸಂಜೆ ಸವೆದು ಹೋಗಿತ್ತು. ಬೆರಳಾಡಿಸಿ ನೋಡಿದೆ. ಇನ್ನೂ ಬಿಸಿ ಇತ್ತು.

ಮರುದಿನ ವಾಪಸ್. ಚಿತ್ರದುರ್ಗದ ಗಾಳಿಯಂತ್ರಗಳು ಕಾಣುವಾಗ ಕತ್ತಲಾಗುತ್ತಿತ್ತು. ದಾರಿಯುದ್ದಕ್ಕೂ ಗದ್ದ ಎತ್ತಿ ದೂರ ನೋಡುತ್ತಲೇ ಬಂದೆ. ನಿಟ್ಟುವಳ್ಳಿಯಲ್ಲಿ ನಮ್ಮ ಬೀದಿಗೆ ತಿರುಗಿದಾಗಲೂ ಅಷ್ಟೇ. ಕೊನೆಯ ಮನೆಯ ದೀಪ ಚೆನ್ನಾಗಿ ಕಾಣುತ್ತಿತ್ತು.

ಹಂಪ್ ಕಾಣಲಿಲ್ಲ. ಧಡ್ ಅಂತ ಹಾರಿ ಇಳಿದೆ. ಬ್ಯಾಗಿನಲ್ಲಿದ್ದ ಖಾಲಿ ಡಬ್ಬಿಯ ಮುಚ್ಚಳ ಬಿಚ್ಚಿ ಸದ್ದು ಮಾಡಿತು. ಆ ಸದ್ದಿಗೇ ಅವ್ವ ಬಾಗಿಲು ತೆರೆದಳು.