ಪ್ಲಗ್ ನೋಡಿ ಬ್ಯಾಟರಿಯ ಜಾತಕ ಬರೆದ ತಪ್ಪು

ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ ತಪಾಸಣೆ ನನ್ನ ಕೆಲಸ. ಒಂದೇ ಸಂಸ್ಥೆಗೆ ಸೇರಿದ, ಒಂದೇ ತಿಂಗಳಲ್ಲಿ ಖರೀದಿಸಿದ, ಹೆಚ್ಚುಕಡಿಮೆ ಒಂದೇ ದೂರ ಓಡಿದ್ದ ಎರಡು ಕಾರುಗಳು ಒಮ್ಮೆ ನಮ್ಮ ವರ್ಕ್‌ಶಾಪಿಗೆ ಒಟ್ಟಿಗೆ ಬಂದವು. ಮೊದಲನೆಯದು ದಿನವಿಡೀ ತಿರುಗುವ ಗಾಡಿಯಾದ್ದರಿಂದ ಸಾರ್ವಜನಿಕ ಡಿಸಿ ಫಾಸ್ಟ್ ಚಾರ್ಜರ್‌ಗಳನ್ನೇ ನೆಚ್ಚಿಕೊಂಡಿತ್ತು. ಎರಡನೆಯದು ಕಚೇರಿಯ ಅಂಗಳದಲ್ಲಿದ್ದ 7 ಕಿಲೋವ್ಯಾಟ್‌ನ ನಿಧಾನವಾಗಿ ತುಂಬುವ ಎಸಿ ಪಾಯಿಂಟ್ ಬಿಟ್ಟು ಬೇರೆಡೆ ಚಾರ್ಜ್ ಆದದ್ದೇ ಅಪರೂಪ. ಸಂಸ್ಥೆಯಲ್ಲಿ ವಾಹನಗಳ ಉಸ್ತುವಾರಿ ಹೊತ್ತಿದ್ದವರು ಬಯಸಿದ್ದು ಒಂದು ಚಿಕ್ಕ ವರದಿ: ಫಾಸ್ಟ್ ಚಾರ್ಜಿಂಗ್‌ನಿಂದ ಬ್ಯಾಟರಿ ಹಾಳಾಗುತ್ತದೆ ಎಂದು ನಾವು ಬರೆದುಕೊಟ್ಟರೆ, ಅದನ್ನು ತೋರಿಸಿ ಚಾಲಕರನ್ನು ತಡೆಯಬಹುದು ಎಂಬುದು ಅವರ ಲೆಕ್ಕ. ನನಗೂ ಅದರಲ್ಲಿ ಅನುಮಾನವಿರಲಿಲ್ಲ. ಕಾರುಗಳನ್ನು ಮುಟ್ಟುವ ಮೊದಲೇ ವರದಿಯ ಮೊದಲ ಪ್ಯಾರಾ ಟೈಪ್ ಮಾಡಿ ಇಟ್ಟಿದ್ದೆ.

ಡ್ಯಾಶ್‌ಬೋರ್ಡಿನಲ್ಲಿ ಕಾಣುವ ರೇಂಜ್‌ನಿಂದ ಬ್ಯಾಟರಿಯ ಆರೋಗ್ಯ ತಿಳಿಯುವುದಿಲ್ಲ. ಇತ್ತೀಚೆಗೆ ಕಾರನ್ನು ಹೇಗೆ ಓಡಿಸಲಾಗಿದೆ ಎಂಬುದರ ಮೇಲೆ ಅದು ಏರಿಳಿಯುತ್ತದೆ. ಆದ್ದರಿಂದ ನಾವು ಬ್ಯಾಟರಿಯನ್ನು ತಳಮಟ್ಟಕ್ಕೆ ಇಳಿಸಿ, ಸೆಲ್‌ಗಳ ತಾಪಮಾನ 25 ಡಿಗ್ರಿಯ ಆಸುಪಾಸಿಗೆ ಬರುವವರೆಗೆ ಕಾದು, ನಿಧಾನವಾಗಿ ಪೂರ್ತಿ ತುಂಬಿಸಿ, ಒಳಗೆ ಹೋದ ವಿದ್ಯುತ್ತನ್ನು ಅಳೆಯುತ್ತೇವೆ. ಒಂದು ಕಾರಿಗೆ ಒಂದು ಇಡೀ ದಿನ ಬೇಕು. ಎರಡನೆಯ ದಿನದ ಸಂಜೆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗ, ಕಾರುಗಳ ಹೆಸರನ್ನೇ ಅದಲುಬದಲು ಮಾಡಿಕೊಂಡೆನೇ ಎಂದು ನೋಂದಣಿ ಸಂಖ್ಯೆಗಳನ್ನು ಮತ್ತೆ ತಾಳೆ ನೋಡಿದೆ. ಫಾಸ್ಟ್ ಚಾರ್ಜರ್ ಕಂಡಿದ್ದ ಕಾರಿಗಿಂತ ಅಂಗಳದಲ್ಲಿ ಜೋಪಾನವಾಗಿದ್ದ ಕಾರೇ ಹೆಚ್ಚು ಸಾಮರ್ಥ್ಯ ಕಳೆದುಕೊಂಡಿತ್ತು.

ಉತ್ತರ ಸಿಕ್ಕಿದ್ದು ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯ ದಾಖಲೆಯಲ್ಲಿ. ತಿರುಗಾಟದ ಕಾರು ಶೇ. 20ರ ಸುಮಾರಿಗೆ ಚಾರ್ಜರ್‌ಗೆ ಬಂದು ಶೇ. 75 ದಾಟುವಷ್ಟರಲ್ಲಿ ಹೊರಟುಬಿಡುತ್ತಿತ್ತು, ಏಕೆಂದರೆ ಅದರ ಚಾಲಕರಿಗೆ ಕಾಯಲು ಪುರುಸೊತ್ತಿರಲಿಲ್ಲ. ರಾತ್ರಿ ಅದು ಅರ್ಧ ತುಂಬಿದ ಬ್ಯಾಟರಿಯೊಂದಿಗೆ ತಂಪಾದ ನೆಲಮಾಳಿಗೆಯಲ್ಲಿ ನಿಲ್ಲುತ್ತಿತ್ತು. ಅಂಗಳದ ಕಾರು ಪ್ರತಿದಿನ ಸಂಜೆ ಪ್ಲಗ್‌ಗೆ ಸಿಕ್ಕಿ, ರಾತ್ರಿ ಹತ್ತರೊಳಗೆ ಶೇ. 100 ತಲುಪಿ, ಮರುದಿನ ಮಧ್ಯಾಹ್ನದವರೆಗೂ ಬಯಲು ಬಿಸಿಲಿನಲ್ಲಿ ಹಾಗೆಯೇ ನಿಂತಿರುತ್ತಿತ್ತು. ರಜೆ ಬಂದರೆ ಎರಡು ಮೂರು ದಿನ ಅಲ್ಲಾಡುತ್ತಲೂ ಇರಲಿಲ್ಲ. ಕಾರು ನಿಂತೇ ಇದ್ದಾಗಲೂ ಸೆಲ್‌ಗಳ ತಾಪಮಾನ 40 ಡಿಗ್ರಿ ಮೀರಿದ ದಿನಗಳು ದಾಖಲೆಯಲ್ಲಿ ಸಾಲುಸಾಲಾಗಿದ್ದವು.

ಲಿಥಿಯಂ ಅಯಾನ್ ಸೆಲ್‌ನ ಗ್ರಾಫೈಟ್ ಆನೋಡಿನ, ಅಂದರೆ ಋಣ ವಿದ್ಯುದ್ವಾರದ ಮೇಲೆ ಮೊದಲ ಚಾರ್ಜ್‌ನಲ್ಲೇ ಒಂದು ತೆಳು ಪದರ ಮೂಡುತ್ತದೆ. ಅದು ಇಲ್ಲದಿದ್ದರೆ ಸೆಲ್ ಬಾಳುವುದಿಲ್ಲ, ಅದು ದಪ್ಪಗಾಗುತ್ತಾ ಹೋದರೆ ಬಳಕೆಗೆ ಸಿಗಬೇಕಾದ ಲಿಥಿಯಂ ಅದರೊಳಗೆ ಸಿಕ್ಕಿಬೀಳುತ್ತದೆ. ಈ ಬೆಳವಣಿಗೆಗೆ ಕಾರು ಓಡಬೇಕೆಂದಿಲ್ಲ, ಚಾರ್ಜ್ ಆಗುತ್ತಿರಬೇಕೆಂದೂ ಇಲ್ಲ. ಸೆಲ್ ಬಿಸಿಯಾಗಿದ್ದು, ತುಂಬಿದ್ದು, ಸುಮ್ಮನೆ ಕುಳಿತಿದ್ದರೆ ಸಾಕು.

ಹಾಗೆಂದು ಫಾಸ್ಟ್ ಚಾರ್ಜಿಂಗ್ ನಿರಪರಾಧಿಯಲ್ಲ. ಅದರ ಅಪರಾಧ ಬೇರೆ ಬಗೆಯದು. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರಬೇಕು. ಸೆಲ್ ತಣ್ಣಗಿದ್ದಾಗಲೋ, ಒಳಗಿನ ಜಾಗವೆಲ್ಲ ಬಹುಪಾಲು ತುಂಬಿದಾಗಲೋ ಹೆಚ್ಚಿನ ಕರೆಂಟ್ ನುಗ್ಗಿಸಿದರೆ, ಒಳಹೋಗಲು ದಾರಿ ಸಿಗದ ಅಯಾನುಗಳು ಮೇಲ್ಮೈಯಲ್ಲೇ ಲೋಹವಾಗಿ ಲೇಪಗೊಳ್ಳುತ್ತವೆ. ಹೀಗೆ ಲೇಪಗೊಂಡದ್ದರಲ್ಲಿ ಒಂದು ಪಾಲು ಮರಳಿ ಕೆಲಸಕ್ಕೆ ಬರುವುದೇ ಇಲ್ಲ. ಇದರ ಜೊತೆಗೆ, ಕರೆಂಟ್ ಎರಡು ಪಟ್ಟಾದರೆ ಸೆಲ್‌ನ ಆಂತರಿಕ ಪ್ರತಿರೋಧದಿಂದ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ.

ಆದರೆ ಚಾರ್ಜರ್ ತನಗೆ ಮನಸ್ಸು ಬಂದಷ್ಟು ಕರೆಂಟ್ ತುಂಬುವುದಿಲ್ಲ ಎಂಬುದನ್ನು ಗ್ರಾಹಕರಿಗೆ ಮನದಟ್ಟು ಮಾಡಿಸುವುದೇ ನನಗೆ ಪ್ರತಿವಾರದ ಕೆಲಸವಾಗಿದೆ. ಡಿಸಿ ಚಾರ್ಜರ್ ಕಾರಿನೊಳಗಿನ ಚಾರ್ಜರನ್ನು ಬಳಸದೆ ನೇರವಾಗಿ ಬ್ಯಾಟರಿಗೆ ವಿದ್ಯುತ್ ಕೊಡುವುದು ನಿಜ. ಆದರೂ ಎಷ್ಟು ಬೇಕೆಂದು ಕೇಳುವುದು ಕಾರಿನ ಬಿಎಂಎಸ್, ಚಾರ್ಜರ್ ತನ್ನ ಮಿತಿಯೊಳಗೆ ಅದನ್ನು ಪೂರೈಸುತ್ತದೆ. 50 ಕಿಲೋವ್ಯಾಟ್‌ಗಿಂತ ಹೆಚ್ಚು ಸ್ವೀಕರಿಸದ ಕಾರನ್ನು 150 ಕಿಲೋವ್ಯಾಟ್‌ನ ಚಾರ್ಜರಿಗೆ ಜೋಡಿಸಿದರೂ ಅದು ಪಡೆಯುವುದು 50 ಮಾತ್ರ. ಬ್ಯಾಟರಿ ತಣ್ಣಗಿದ್ದರೆ ಅಥವಾ ಕಾದಿದ್ದರೆ ಬಿಎಂಎಸ್ ಬೇಡಿಕೆಯನ್ನು ತಾನೇ ತಗ್ಗಿಸುತ್ತದೆ, ಶೇ. 80ರ ಆಸುಪಾಸಿನಲ್ಲಿ ಇನ್ನಷ್ಟು ಇಳಿಸುತ್ತದೆ. ಚಾರ್ಜರ್ ಕೆಟ್ಟಿದೆ ಎಂದು ಜನ ದೂರುವ ಎಷ್ಟೋ ಪ್ರಸಂಗಗಳಲ್ಲಿ ಬ್ಯಾಟರಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುತ್ತದೆ. ಕಿಲೋವ್ಯಾಟ್ ಎಂಬ ಅಂಕಿಯೊಂದೇ ಏನನ್ನೂ ಹೇಳುವುದಿಲ್ಲ: 50 ಕಿಲೋವ್ಯಾಟ್ ಎಂಬುದು 40 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಗಂಟೆಗೆ ಅದರ ಸಾಮರ್ಥ್ಯದ ಒಂದೂಕಾಲು ಪಟ್ಟು ತುಂಬುವ ವೇಗ, 80 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಅದರ ಅರ್ಧ.

ಅಮೆರಿಕದ ಐಡಾಹೊ ನ್ಯಾಷನಲ್ ಲ್ಯಾಬೊರೇಟರಿಯವರು 2012ರ ಮಾದರಿಯ ನಾಲ್ಕು ನಿಸ್ಸಾನ್ ಲೀಫ್ ಕಾರುಗಳನ್ನು ಫೀನಿಕ್ಸ್ ನಗರದ ಬಿಸಿಲಿನಲ್ಲಿ ತಲಾ 50,000 ಮೈಲಿ ಓಡಿಸಿ, ಎರಡಕ್ಕೆ ಎಸಿ, ಎರಡಕ್ಕೆ ಡಿಸಿ ಫಾಸ್ಟ್ ಚಾರ್ಜಿಂಗ್ ಮಾತ್ರ ಕೊಟ್ಟು ಹೋಲಿಸಿದ್ದರು. ಆ ಕಾರಿನ ಬ್ಯಾಟರಿಗೆ ದ್ರವದಿಂದ ತಂಪು ಮಾಡುವ ಏರ್ಪಾಡಿಲ್ಲ. ನಾಲ್ಕೂ ಕಾರುಗಳು ಐದನೇ ಒಂದು ಭಾಗಕ್ಕಿಂತ ಹೆಚ್ಚು ಸಾಮರ್ಥ್ಯ ಕಳೆದುಕೊಂಡವು. ಡಿಸಿ ಕಾರುಗಳ ನಷ್ಟ ಹೆಚ್ಚೇ ಇದ್ದರೂ ಎರಡು ಗುಂಪುಗಳ ನಡುವಿನ ಅಂತರ ಕೆಲವೇ ಶೇಕಡಾದಷ್ಟಿತ್ತು. ಇದನ್ನು ನಾನು ಹಿಂದೆಯೇ ಓದಿದ್ದೆ. ಓದಿದ್ದೂ ಆ ಪ್ಯಾರಾ ಟೈಪ್ ಮಾಡಿದ್ದೆ.

ಅದೇ ಅವಸರದ ಇನ್ನೊಂದು ಫಲವನ್ನೂ ಇಲ್ಲಿ ಹೇಳಬೇಕು. ಬರುವವರಿಗೆಲ್ಲ ನಾನು "ಎಂಬತ್ತಕ್ಕೆ ನಿಲ್ಲಿಸಿ" ಎಂದು ಹೇಳಿ ಕಳುಹಿಸುತ್ತಿದ್ದ ಕಾಲವೊಂದಿತ್ತು. ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ಹಿರಿಯರೊಬ್ಬರ ಕಾರು, ಪರದೆಯ ಮೇಲೆ ಶೇ. 11 ಎಂದು ತೋರಿಸುತ್ತಲೇ ರಸ್ತೆಯಲ್ಲಿ ನಿಂತುಹೋಯಿತು. "ನೀವು ಹೇಳಿದ ಹಾಗೇ ಮಾಡಿದೆನಲ್ಲ ಸರ್," ಎಂದು ಅವರು ಕೇಳಿದ್ದರಲ್ಲಿ ಕೋಪವಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಅವರ ಕಾರಿನದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಆ ರಸಾಯನದಲ್ಲಿ ಸೆಲ್ ವೋಲ್ಟೇಜ್ ಬಹುಪಾಲು ದಾರಿಯುದ್ದಕ್ಕೂ 3.2ರಿಂದ 3.3 ವೋಲ್ಟ್ ನಡುವೆಯೇ ಚಪ್ಪಟೆಯಾಗಿರುವುದರಿಂದ, ವೋಲ್ಟೇಜ್ ನೋಡಿ ಎಷ್ಟು ತುಂಬಿದೆ ಎಂದು ಹೇಳುವುದು ಬಿಎಂಎಸ್‌ಗೆ ಕಷ್ಟ. ಒಳಹೋದ, ಹೊರಬಂದ ಕರೆಂಟನ್ನು ಅದು ಕೂಡಿ ಕಳೆಯುತ್ತಾ ಇರುತ್ತದೆ, ಸಣ್ಣಪುಟ್ಟ ತಪ್ಪುಗಳು ಸೇರುತ್ತಾ ಹೋಗುತ್ತವೆ. ಆಗಾಗ ಪೂರ್ತಿ ತುಂಬಿಸಿದಾಗ ಮಾತ್ರ ಆ ಲೆಕ್ಕ ಮತ್ತೆ ಸರಿಯಾಗುತ್ತದೆ, ಸೆಲ್‌ಗಳೂ ಒಂದೇ ಮಟ್ಟಕ್ಕೆ ಬರುತ್ತವೆ. ತಿಂಗಳುಗಟ್ಟಲೆ ಪ್ರತಿಸಲವೂ ಎಂಬತ್ತಕ್ಕೆ ಎದ್ದು ಬಂದಿದ್ದ ಅವರ ಬ್ಯಾಟರಿಗೆ ಆ ಅವಕಾಶವೇ ಸಿಕ್ಕಿರಲಿಲ್ಲ. ಎಸಿಯಲ್ಲಿ ಶೇ. 100ಕ್ಕೆ ತುಂಬಿಸಿ ಕೆಲವು ಗಂಟೆ ಪ್ಲಗ್‌ನಲ್ಲೇ ಬಿಟ್ಟೆವು. ಬ್ಯಾಟರಿಗೆ ಏನೂ ಆಗಿರಲಿಲ್ಲ, ಕೆಟ್ಟಿದ್ದು ನನ್ನ ಸಲಹೆ.

ಈಗ ನಮ್ಮ ಜಾಬ್ ಕಾರ್ಡಿನಲ್ಲಿ "ಚಾರ್ಜರ್ ಬಗೆ" ಎಂಬ ಕಾಲಂ ಒಂದೇ ಇರುವುದಲ್ಲ. ಬ್ಯಾಟರಿಯ ರಸಾಯನ ಯಾವುದು, ಸಾಮಾನ್ಯವಾಗಿ ಎಷ್ಟು ಶೇಕಡಾದಿಂದ ಎಷ್ಟರವರೆಗೆ ತುಂಬುತ್ತದೆ, ತುಂಬಿದ ಮೇಲೆ ಎಷ್ಟು ಹೊತ್ತು ಎಲ್ಲಿ ನಿಲ್ಲುತ್ತದೆ ಎಂಬ ಮೂರನ್ನು ಸೇರಿಸಿದ್ದೇನೆ. ಮೂರನೆಯದನ್ನು ಕೇಳಿದಾಗ ಜನ ಮುಖ ನೋಡುತ್ತಾರೆ. ನಿಲ್ಲಿಸಿದ ಗಾಡಿ ಸವೆಯುತ್ತದೆ ಎಂದು ಯಾರೂ ಎಣಿಸಿರುವುದಿಲ್ಲ.

ಆ ಸಂಸ್ಥೆಯವರಿಗೆ ಅವರು ಬಯಸಿದ ವರದಿ ಸಿಗಲಿಲ್ಲ. ಎರಡೂ ಕಾರುಗಳದು ಎಲ್‌ಎಫ್‌ಪಿ ಅಲ್ಲ, ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಳಸುವ ಎನ್‌ಎಂಸಿ ಬ್ಯಾಟರಿಯಾದ್ದರಿಂದ ಅಂಗಳದ ಕಾರಿಗೆ ಶೇ. 80ರ ಮಿತಿ ಹಾಕಿ, ಹೊರಡುವ ಹೊತ್ತಿಗೆ ಚಾರ್ಜ್ ಮುಗಿಯುವಂತೆ ಟೈಮರ್ ಇಟ್ಟು, ನಿಲ್ಲುವ ಜಾಗವನ್ನು ನೆರಳಿಗೆ ಬದಲಿಸಲು ಬರೆದುಕೊಟ್ಟೆ. ತಿರುಗಾಟದ ಕಾರಿನ ಚಾಲಕರು ಈಗಲೂ ಅದೇ ಫಾಸ್ಟ್ ಚಾರ್ಜರ್‌ಗಳಿಗೆ ಹೋಗುತ್ತಾರೆ. ಅಂಗಳದ ಕಾರು ಕಳೆದುಕೊಂಡದ್ದು ಮರಳಿ ಬರುವಂಥದ್ದಲ್ಲ. ಇಳಿಕೆಯ ವೇಗ ತಗ್ಗಿದೆಯೇ ಎಂದು ನೋಡಲು ವರ್ಷ ತುಂಬಿದ ಮೇಲೆ ಎರಡನ್ನೂ ಅದೇ 25 ಡಿಗ್ರಿಯಲ್ಲಿ ಮತ್ತೊಮ್ಮೆ ಅಳೆಯುವುದೆಂದು ಗೊತ್ತುಪಡಿಸಿದ್ದೇವೆ.